ಹಳೆಯ ಕಾರು, ಶುದ್ಧ ಪಾಠ

ಹಳೆಯ ವಸ್ತುಗಳ ಮೇಲಿನ ಪ್ರೀತಿ ಎರಡು ಬಗೆಯದು. ಅವುಗಳನ್ನು ಒರಸಿ, ಗಾಜಿನ ಕಪಾಟಿನಲ್ಲಿಟ್ಟು, ಬಂದವರಿಗೆ ತೋರಿಸಿ ಸಂತೋಷಪಡುವ ಪ್ರೀತಿ ಒಂದು. ಅವುಗಳನ್ನು ಬಳಸಿ, ಸವೆಸಿ, ಸವೆದುದನ್ನು ಸರಿಪಡಿಸಿ ಮತ್ತೆ ಬಳಸುವ ಪ್ರೀತಿ ಇನ್ನೊಂದು. ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಕೆಲವರು ದಿವಾನಖಾನೆಯಲ್ಲಿ ಹೂಕುಂಡವಾಗಿ ಇರಿಸಿಕೊಂಡಿದ್ದಾರೆ. ಕೆಲವರ ಬಚ್ಚಲಮನೆಯಲ್ಲಿ ಅದು ಇನ್ನೂ ನೀರು ಕಾಯಿಸುತ್ತಿದೆ. ಇವೆರಡರಲ್ಲಿ ಯಾವ ಪ್ರೀತಿ ಹಳೆಯದನ್ನು ನಿಜವಾಗಿ ಉಳಿಸುತ್ತದೆ? ಈ ಪ್ರಶ್ನೆಯನ್ನು ವಿಚಾರಿಸಲು ಕನ್ನಡದ ಅಧ್ಯಾಪಕನೊಬ್ಬನಿಂದ ನೀವು ನಿರೀಕ್ಷಿಸಲಾರದ ಒಂದು ವಸ್ತುವನ್ನು ಆರಿಸಿಕೊಂಡಿದ್ದೇನೆ. ಅದು ಮೋಟಾರು ಕಾರು.

ಬೆಳಗಾವಿಯ ಕ್ಯಾಂಪ್, ಹೆಸರೇ ಹೇಳುವಂತೆ, ದಂಡು ಬೀಡುಬಿಟ್ಟ ಸ್ಥಳ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿದ ತರುವಾಯ ಬೆಳೆದುಬಂದ ಈ ಭಾಗದಲ್ಲಿ ಹೆಂಚಿನ ಮಾಡಿನ ಬಂಗಲೆಗಳು, ಅವುಗಳ ಸುತ್ತ ವಿಶಾಲವಾದ ಅಂಗಳ, ಅಂಗಳದ ಮೂಲೆಯಲ್ಲೊಂದು ಷೆಡ್ಡು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅಂಥದೊಂದು ಷೆಡ್ಡಿನಲ್ಲಿ 1967ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದನ್ನು ಮೂರು ದಶಕಗಳಿಗೂ ಮೀರಿ ನಾನು ಸಾಕಿಕೊಂಡು ಬಂದಿದ್ದೇನೆ. ಸಾಕುವುದು ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಅದು ನನ್ನ ಸೋದರಮಾವನವರದು. ವೈದ್ಯರಾಗಿದ್ದ ಅವರು ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಿಗೆ ರೋಗಿಗಳನ್ನು ನೋಡಲು ಇದರಲ್ಲಿಯೇ ಹೋಗುತ್ತಿದ್ದರು.

ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಹುಟ್ಟಿತು. ಅದಕ್ಕೆ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊತ್ತಿ. 1961ರಿಂದ ಒಂದು ದಶಕದ ಕಾಲ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ ಅದನ್ನು ನಮ್ಮ ದೇಶದಲ್ಲಿ ತಯಾರಿಸಿತು. 948 ಸಿ.ಸಿ.ಯ ಚಿಕ್ಕ ಎಂಜಿನಿನ ಈ ಬಂಡಿ ಅಂಬಾಸಿಡರ್ ಮತ್ತು ಫಿಯೆಟ್ಟುಗಳ ನಡುವೆ ಮೂರನೆಯ ಮಗುವಿನಂತೆ ಬೆಳೆಯಿತು. ಆದರೆ ಅದಕ್ಕೊಬ್ಬ ಖ್ಯಾತಿವಂತ ತಮ್ಮನಿದ್ದಾನೆ. ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ, ಅದರ ಮುಂಭಾಗದ ರಚನೆಯನ್ನೇ ಉಳಿಸಿಕೊಂಡು, 1147 ಸಿ.ಸಿ.ಯ ಎಂಜಿನಿಗೆ ಎರಡು ಕಾರ್ಬ್ಯುರೇಟರುಗಳನ್ನು ಜೋಡಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಅದರ ರೂಪವೂ ಮಿಕೆಲೊತ್ತಿಯದೇ. 1980ರವರೆಗೆ ಅಂಥ ಕಾರುಗಳು 3 ಲಕ್ಷಕ್ಕೂ ಹೆಚ್ಚು ತಯಾರಾದವು. ಅಣ್ಣ ಮದರಾಸಿನಲ್ಲಿ ಸಂಸಾರಿಯಾದ. ತಮ್ಮ ವಿಲಾಯತಿಯಲ್ಲಿ ಓಟಗಾರನಾದ. ಮೈಯೊಳಗಿನ ಎಲುಬು ಮಾತ್ರ ಇಬ್ಬರದೂ ಒಂದೇ.

ಈ ಕುಲದ ಕಾರುಗಳನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುವುದು ಸಾಧ್ಯವಾದುದಕ್ಕೆ ಅವುಗಳ ರಚನೆಯೇ ಕಾರಣ. ಬಾನೆಟ್ಟು ಎರಡು ಪಕ್ಕದ ರೆಕ್ಕೆಗಳನ್ನೂ ಸೇರಿಸಿಕೊಂಡು ಇಡಿಯಾಗಿ ಮುಂದಕ್ಕೆ ಬಾಗುತ್ತದೆ. ಎಂಜಿನು, ಸ್ಟಿಯರಿಂಗು, ಮುಂಗಾಲಿಗಳ ಕೀಲುಗಳು ಎಲ್ಲವೂ ಬಿಚ್ಚಿಟ್ಟ ಪುಸ್ತಕದಂತೆ ಕಣ್ಣೆದುರಿಗೆ ಬರುತ್ತವೆ. ಮುಂದಿನ ಟಾಯರಿನ ಮೇಲೆ ಕುಳಿತೇ ಕೆಲಸ ಮಾಡಬಹುದು. ಚಾಸಿ ಬೇರೆ, ಮೈ ಬೇರೆ. ಮೈಯ ಭಾಗಗಳು ಬೋಲ್ಟುಗಳಿಂದ ಕೂಡಿಕೊಂಡಿರುವುದರಿಂದ ಒಂದನ್ನು ಬಿಚ್ಚಲು ಇನ್ನೊಂದನ್ನು ಕತ್ತರಿಸಬೇಕಾಗಿಲ್ಲ. ಓಲೆಗರಿಯ ಕಟ್ಟನ್ನು ಬಿಚ್ಚುವಾಗ ಗರಿಗಳ ಅನುಕ್ರಮವನ್ನು ಗುರುತುಮಾಡಿಕೊಳ್ಳುವಂತೆ, ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದರೆ ಅರ್ಧ ವಿದ್ಯೆ ಬಂದಂತೆ.

ಉಳಿದರ್ಧ ವಿದ್ಯೆಯನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವುಂಟು: ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಬಹುಮಟ್ಟಿಗೆ ಮೂಲಪಾಠ. ಪ್ರತಿಕಾರನು ತನಗೆ ಅರ್ಥವಾಗದ ಮಾತನ್ನು ಕಂಡಾಗ ಅದನ್ನು ತೆಗೆದು ಪರಿಚಿತವಾದ ಮಾತನ್ನು ಬರೆದುಬಿಡುತ್ತಾನೆ. ಅವನಲ್ಲಿ ದುರುದ್ದೇಶವಿಲ್ಲ, ತಿದ್ದಿದೆನೆಂಬ ತೃಪ್ತಿಯೇ ಅವನದು. ಆದರೆ ಮೂಲ ಹೋಯಿತು. ಹೆರಾಲ್ಡಿನ ಮುಂಗಾಲಿಯ ಕೆಳಗೆ ಟ್ರನಿಯನ್ ಎಂಬ ಕಂಚಿನ ಕೀಲು ಒಂದಿದೆ. ಅದರೊಳಗಿನ ಮರೆಗೆ ಉಕ್ಕಿನ ನಿಲುಗಂಬದ ತುದಿ ತಿರುಪಿನಂತೆ ಕೂಡಿಕೊಂಡಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಗಾಲಿ ಈ ತಿರುಪಿನ ಮೇಲೆಯೇ ಹೊರಳಬೇಕು. ಇದಕ್ಕೆ ಹಾಕಬೇಕಾದುದು 90ರ ದರ್ಜೆಯ ಗಿಯರ್ ಎಣ್ಣೆ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಆದರೆ ಗ್ಯಾರೇಜಿನ ಅಭ್ಯಾಸವೇನು? ಕೀಲೆಂದರೆ ಗ್ರೀಸು. ಬೇರೆಲ್ಲ ಕಾರುಗಳಿಗೂ ಗ್ರೀಸೇ ಆಗಿರುವಾಗ ಇದೊಂದಕ್ಕೆ ಎಣ್ಣೆ ಏಕೆ ಎಂದು ಕೈ ತಾನಾಗಿ ಗ್ರೀಸ್ ಗನ್ನಿನತ್ತ ಹೋಗುತ್ತದೆ. ಗ್ರೀಸು ಮರೆಯ ಆಳಕ್ಕೆ ಇಳಿಯುವುದಿಲ್ಲ, ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ, ಒಳಗೆ ಸೇರಿದ ನೀರು ಉಕ್ಕನ್ನು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣದು. ಒಂದು ದಿನ ಗಾಡಿಯನ್ನು ತಿರುಗಿಸುತ್ತಿರುವಾಗ ಕಂಬ ಮುರಿದು ಗಾಲಿ ಕುಸಿದುಬೀಳುತ್ತದೆ.

ಸುಲಭ ಪಾಠದ ಫಲವಿದು. ಕಾವ್ಯದಲ್ಲಿ ಅಪಪಾಠ ಸೇರಿದರೆ ಅರ್ಥ ಕೆಡುತ್ತದೆ. ಇಲ್ಲಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಹಳೆಯ ಯಂತ್ರದಲ್ಲಿ ವಿಚಿತ್ರವಾಗಿ ತೋರುವುದನ್ನು ಕಂಡಾಗ ಅದನ್ನು ಬದಲಿಸುವ ಮೊದಲು, ಇದು ಹೀಗೇಕೆ ಇದೆ ಎಂದು ಕೇಳಬೇಕು. ಉತ್ತರ ದೊರೆಯುವ ತನಕ ಸ್ಪ್ಯಾನರನ್ನು ಕೆಳಗಿಡಬೇಕು. ಮೂರು ತಿಂಗಳಿಗೊಮ್ಮೆ ಆ ಕೀಲುಗಳಿಗೆ ಎಣ್ಣೆಯೂಡುವುದನ್ನು ನಾನು ವ್ರತದಂತೆ ನಡೆಸುತ್ತೇನೆ.

ಬಿಡಿಭಾಗಗಳ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ತಯಾರಿಸಿದ ಕಾರ್ಖಾನೆ ಮುಚ್ಚಿ ದಶಕಗಳು ಕಳೆದಿವೆ. ಆದರೂ ಕೀಲು, ಬುಷ್ಷು, ರಬ್ಬರಿನ ಸೀಲು ಮೊದಲಾದ ಅನೇಕ ವಸ್ತುಗಳು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಅದು ಅಣ್ಣನ ಮೇಲಿನ ಕರುಣೆಯಿಂದಲ್ಲ, ತಮ್ಮನ ಮೇಲಿನ ಮೋಹದಿಂದ. ಸ್ಪಿಟ್‌ಫೈರಿನ ಅಭಿಮಾನಿಗಳು ಅಲ್ಲಿ ಅಷ್ಟು ಮಂದಿ ಇರುವುದರಿಂದಲೇ ಕ್ಯಾಂಪಿನ ಒಂದು ಸಂಸಾರಿ ಕಾರು ಬದುಕಿದೆ.

ಅಲ್ಲಿ ಸಿಗದುದು ಇಲ್ಲಿ ಉದ್ಯಮಬಾಗದಲ್ಲಿ ಸಿಗುತ್ತದೆ. ಬೆಳಗಾವಿ ಎರಕದ ಊರು. ಫೌಂಡ್ರಿಗಳೂ ಅವುಗಳನ್ನು ನೆಚ್ಚಿದ ಸಣ್ಣ ಸಣ್ಣ ಲೇತ್ ಅಂಗಡಿಗಳೂ ಅಲ್ಲಿ ಒತ್ತೊತ್ತಾಗಿವೆ. ನೀರಿನ ಪಂಪಿನ ಸವೆದ ದಂಡವೊಂದನ್ನು ಹಿಡಿದುಕೊಂಡು ಹಿರಿಯ ಟರ್ನರ್ ಒಬ್ಬರ ಬಳಿಗೆ ಹೋಗಿದ್ದೆ.

“ಸರ, ಇದರ ಡ್ರಾಯಿಂಗ್ ಐತೇನ್ರಿ?” ಎಂದರು.

“ಇಲ್ರಿ, ಈ ಸವೆದ ತುಂಡಷ್ಟೇ ಇದೆ. ಇದರ ಅಳತೆಯ ಮೇಲೆಯೇ ಮಾಡಿಕೊಡಿ” ಎಂದೆ.

“ಸವದಿದ್ದನ್ನ ಅಳತಿ ಮಾಡಬಾರದ್ರಿ ಸರ. ಸವೀಲಾರದ ಜಾಗಾ ಎಲ್ಲೈತಿ ಅಂತ ಹುಡುಕಬೇಕು, ಅದನ್ನ ಅಳೀಬೇಕು.”

ಅವರು ದಂಡವನ್ನು ಬೆಳಕಿಗೆ ಹಿಡಿದು ತಿರುಗಿಸಿ, ಯಾವ ಸೀಲೂ ಬೇರಿಂಗೂ ಮುಟ್ಟದಿದ್ದ ಒಂದು ಬೆರಳಿನಷ್ಟು ಜಾಗವನ್ನು ಕಂಡುಹಿಡಿದು ಅಲ್ಲಿ ಮೈಕ್ರೋಮೀಟರನ್ನು ಹಚ್ಚಿದರು. ವರ್ಷಗಟ್ಟಲೆ ತರಗತಿಯಲ್ಲಿ ನಾನು ವಿವರಿಸಲು ಹೆಣಗಿದ್ದ ಪಾಠಶೋಧನೆಯ ತತ್ತ್ವವನ್ನು ಅವರು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದರು.

ಇನ್ನು ಈ ಕಾರಿನ ಶತ್ರುಗಳು. ಮೊದಲನೆಯದು ಮಳೆ. ಸಹ್ಯಾದ್ರಿಯ ಮಗ್ಗುಲಿನ ಬೆಳಗಾವಿಯಲ್ಲಿಯೂ ಅದಕ್ಕಿಂತ ಹೆಚ್ಚಾಗಿ ಖಾನಾಪುರದಲ್ಲಿಯೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗಳೇ ಬೆವರುತ್ತವೆ. ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳಲ್ಲಿ ಕೆಸರು ಕೂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದೊಡನೆ ಕೆಸರನ್ನು ತೊಳೆದು, ಚೆನ್ನಾಗಿ ಒಣಗಿಸಿ, ಮೇಣ ಬೆರೆತ ಎಣ್ಣೆಯನ್ನು ಒಳಗೆ ಸಿಂಪಡಿಸಬೇಕು. ಎರಡನೆಯ ಶತ್ರು ಹೊಸದು. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಈ ಮದ್ಯಸಾರ ರೈತನಿಗೆ ಒಳ್ಳೆಯದೇ ಇರಬಹುದು. ಆದರೆ ಅದು ಹಳೆಯ ರಬ್ಬರನ್ನು ಮೆತ್ತಗಾಗಿಸಿ ಬಿರಿಯಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎಥೆನಾಲನ್ನು ತಾಳಬಲ್ಲ ಹೊಸ ಬಗೆಯ ಪೆಟ್ರೋಲ್ ಕೊಳವೆಗಳನ್ನು ಹಾಕಿಸದೆ ಗತ್ಯಂತರವಿಲ್ಲ. ಸೋರುವ ಕೊಳವೆಯ ಪಕ್ಕದಲ್ಲಿ ಕಾದ ಎಂಜಿನಿರುವಾಗ ಮೂಲದ ರಬ್ಬರೇ ಬೇಕೆಂದು ಹಠ ಹಿಡಿಯುವುದು ಪಾಂಡಿತ್ಯವಲ್ಲ.

ಇಷ್ಟು ಹೇಳಿದ ಮೇಲೆ ಮೊದಲಿನ ಪ್ರಶ್ನೆಗೆ ಮರಳಬಹುದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗಾಗಿ ಒಂದು ನಿಯಮವನ್ನು ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿ, ಮೈ, ಎಂಜಿನುಗಳಲ್ಲಿ ಮುಖ್ಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ನಂಬರು ಫಲಕದಲ್ಲಿ ‘ವಿಎ’ ಎಂಬ ಗೌರವದ ಅಕ್ಷರಗಳು ಬರುತ್ತವೆ. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಬಳಕೆಗೆ ರಸ್ತೆಗೆ ತರುವಂತಿಲ್ಲ. ನಿಯಮದ ಸದುದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಅದರಿಂದ ಎಷ್ಟೋ ಅಪೂರ್ವ ಕಾರುಗಳು ಗುಜರಿಯ ಪಾಲಾಗದೆ ಉಳಿದಾವು. ನನ್ನ ಕಾರನ್ನೂ ಹಾಗೆ ಬರೆಸಿಬಿಡಿ ಎಂದು ಸ್ನೇಹಿತರು ಹೇಳಿದರು. ಬಹಳ ಯೋಚಿಸಿ, ಬೇಡವೆಂದು ತೀರ್ಮಾನಿಸಿದೆ. ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಿಕೊಳ್ಳುತ್ತ ಬಂದಿದ್ದೇನೆ.

ಕಾರಣ ಭಾವುಕತೆಯಲ್ಲ, ಯಂತ್ರದ ಧರ್ಮ. ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಎಣ್ಣೆಯ ಪದರ ಉಕ್ಕಿನ ಮೇಲಿನಿಂದ ಇಳಿದುಹೋಗುತ್ತದೆ. ಸೀಲುಗಳು ಒಣಗಿ ಸೆಡೆಯುತ್ತವೆ. ಬ್ರೇಕಿನ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಪೆಟ್ರೋಲು ಅಂಟಾಗಿ ಗಟ್ಟಿಯಾಗುತ್ತದೆ. ಔಷಧ ಒಂದೇ: ಓಡಿಸುವುದು. ಗಮಕಿಯ ಕಂಠದಲ್ಲಿ ಕುಮಾರವ್ಯಾಸ ಬದುಕಿರುವುದು ಹೀಗೆಯೇ. ತಾಡವೋಲೆಯನ್ನು ಕಾಯುವವರು ಬೇಕು. ಆದರೆ ಓದುವವರಿಲ್ಲದೆ ಕಾಯುವವರು ಏನನ್ನು ಕಾಯುತ್ತಾರೆ? ಅದಕ್ಕಾಗಿ ರವಿವಾರದ ಬೆಳಿಗ್ಗೆ ಖಾನಾಪುರದ ದಾರಿ ಹಿಡಿಯುತ್ತೇನೆ. ಕೆಲವೊಮ್ಮೆ ಕದಂಬರ ಹಲಸಿಯವರೆಗೂ ಹೋಗಿಬರುತ್ತೇನೆ. ಈ ಕಾರಿನ ಹಿಂಗಾಲಿಗಳು ತಿರುವಿನಲ್ಲಿ ಥಟ್ಟನೆ ಬ್ರೇಕು ಹಾಕಿದರೆ ಮಡಚಿಕೊಳ್ಳುವ ಸ್ವಭಾವದವು. ಆದ್ದರಿಂದ ತಿರುವಿನ ಮೊದಲೇ ವೇಗ ತಗ್ಗಿಸಬೇಕು. ಇಂಥ ಸ್ವಭಾವಜ್ಞಾನ ಓಡಿಸುವವನ ಮೈಯಲ್ಲಿ ಮಾತ್ರ ಉಳಿಯುತ್ತದೆ. ಪ್ರದರ್ಶನದ ಫಲಕದಲ್ಲಿ ಬರೆದಿಡಲಾಗದು.

ಆ ಜ್ಞಾನ ಯಾರಿಗೆ ದಾಟೀತು ಎಂಬುದೇ ನನ್ನ ಈಗಿನ ಚಿಂತೆ. ಎದುರುಮನೆಯ ಹುಡುಗನೊಬ್ಬ ಡಿಪ್ಲೊಮಾ ಓದುತ್ತಿದ್ದಾನೆ. ಮೊದಲ ದಿನ ಬಾನೆಟ್ಟಿನೊಳಗೆ ಹಣಕಿ, “ಸರ್, ಇದಕ್ಕ ಸ್ಕ್ಯಾನರ್ ಎಲ್ಲಿ ಹಚ್ಚೂದ್ರಿ?” ಎಂದು ಕೇಳಿದ. ಉದ್ದನೆಯ ಸ್ಕ್ರೂ ಡ್ರೈವರನ್ನು ಅವನ ಕೈಗಿತ್ತು, ಅದರ ತುದಿಯನ್ನು ಎಂಜಿನಿನ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಹಚ್ಚಿಕೊಳ್ಳಲು ಹೇಳಿದೆ. ನಾಲ್ಕು ಸಿಲಿಂಡರುಗಳ ಟಪ್ಪೆಟ್ಟುಗಳ ಸದ್ದು ಬೇರೆ ಬೇರೆಯಾಗಿ ಕೇಳಿಸಿದಾಗ ಅವನ ಮುಖ ಅರಳಿತು. ಈಗ ಅವನು ಪಾಯಿಂಟುಗಳ ಸಂದನ್ನು 15 ಥೌ, ಪ್ಲಗ್ಗಿನ ಸಂದನ್ನು 25 ಥೌ ಅಳತೆಗೆ ತಾನೇ ಹೊಂದಿಸುತ್ತಾನೆ. ನಾನು ಮಾಡಿದ ಪ್ರತಿಯೊಂದು ದುರಸ್ತಿಯನ್ನೂ ದಿನಾಂಕದೊಡನೆ ಬರೆದಿಟ್ಟ ವಹಿಯಲ್ಲಿ ಈಚಿನ ಪುಟಗಳು ಅವನ ಕೈಬರಹದಲ್ಲಿವೆ.

ನಿಮ್ಮ ಮನೆಯಲ್ಲಿ ಹಳೆಯ ಕಾರು ಇಲ್ಲದಿರಬಹುದು. ಹೊಲಿಗೆಯ ಯಂತ್ರವೋ ಗೋಡೆಯ ಗಡಿಯಾರವೋ ಹಾರ್ಮೋನಿಯಮ್ಮೋ ಇದ್ದೀತು. ಅದನ್ನು ಮಾರುವುದು ಅಥವಾ ಮೆರೆಸುವುದು ಎಂಬ ಎರಡೇ ದಾರಿಗಳಿವೆ ಎಂದು ಭಾವಿಸಬೇಡಿ. ಮೂರನೆಯದೊಂದಿದೆ. ಅದರ ಸವೆಯದ ಜಾಗವನ್ನು ಹುಡುಕಿ, ಅಲ್ಲಿಂದ ಅಳತೆ ತೆಗೆದುಕೊಂಡು, ಎಣ್ಣೆಯೂಡಿ, ಕೆಲಸಕ್ಕೆ ಹಚ್ಚಿರಿ. ಪಕ್ಕದಲ್ಲಿ ಒಂದು ಮಗುವನ್ನು ಕೂಡಿಸಿಕೊಳ್ಳಿರಿ.