ಮೇಷ್ಟ್ರ ಜಾವಾ ಮತ್ತು ನಾನು ಮರೆತ ಪಾಠ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಲ್ಲಿ ಮಾತಾಡಿದವರಲ್ಲಿ ಡಾಕ್ಟರು, ಇಂಜಿನಿಯರು, ತಹಶೀಲ್ದಾರರು ಇದ್ದರು. ನಾನು ಇದೇ ಶಾಲೆಯಲ್ಲಿ 1982ರಲ್ಲಿ ಎಸ್ಸೆಸ್ಸೆಲ್ಸಿ ಕೂತು, ಗಣಿತದಲ್ಲಿ ಫೇಲಾಗಿ, ಮೈಸೂರಿನ ಗ್ಯಾರೇಜಿಗೆ ಸೇರಿದವನು. ಭಾಷಣ ಬರುವುದಿಲ್ಲ ಅಂದೆ. ಗೊತ್ತಿರುವುದನ್ನೇ ಹೇಳಪ್ಪಾ ಅಂದರು. ನನಗೆ ಗೊತ್ತಿರುವುದು ಬ್ರೇಕು. ಅದನ್ನೇ ಹೇಳುತ್ತೇನೆ.

ನಮ್ಮ ವಿಜ್ಞಾನದ ಮೇಷ್ಟ್ರ ಜಾವಾ ಬೈಕು ನಿಮಗೆಲ್ಲ ನೆನಪಿರಬೇಕು. 1971ರ ಗಾಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಕೆರೆ ಏರಿಯ ಮೇಲೆ ಅದರ ಸದ್ದು ಕೇಳಿದರೆ ನಾವು ಗೋಲಿ ಬಿಟ್ಟು ತರಗತಿಗೆ ಓಡುತ್ತಿದ್ದೆವು.

2008ರಲ್ಲಿ, ಮೇಷ್ಟ್ರು ನಿವೃತ್ತರಾದ ವರ್ಷ, ಅದನ್ನು ನನ್ನ ಗ್ಯಾರೇಜಿಗೆ ತಂದರು. "ಹಿಂದಿನ ಬ್ರೇಕು ಹಿಡೀತಿಲ್ಲ ಕಣಪ್ಪ, ಲೈನರ್ ಹಾಕಿಕೊಡು" ಅಂದರು. ಅಷ್ಟು ಮಾಡಿದ್ದರೆ ಸಾಕಿತ್ತು. ನನಗೆ ಗುರುಗಳ ಮುಂದೆ ಕೈಚಳಕ ತೋರಿಸುವ ಆಸೆ. "ಡ್ರಮ್ ಯಾಕೆ ಸಾರ್, ಡಿಸ್ಕೇ ಹಾಕಿಬಿಡ್ತೀನಿ" ಅಂದೆ.

ಮಕ್ಕಳಿಗಾಗಿ ಎರಡರ ವ್ಯತ್ಯಾಸ ಹೇಳುತ್ತೇನೆ. ಡ್ರಮ್ ಬ್ರೇಕಿನಲ್ಲಿ ಚಕ್ರದ ನಡುವಿನ ಡಬ್ಬಿಯೊಳಗೆ ಎರಡು ಶೂ ಇರುತ್ತವೆ. ಪೆಡಲ್ ಒತ್ತಿದರೆ ಅವು ಅಗಲವಾಗಿ ಡಬ್ಬಿಯ ಒಳಗೋಡೆಗೆ ಉಜ್ಜುತ್ತವೆ. ಘಾಟಿ ಇಳಿಯುವಾಗ ಬಿಸಿ ಒಳಗೇ ಉಳಿದು ಹಿಡಿತ ಕಡಿಮೆಯಾಗುತ್ತದೆ. ನೀರು ಹೊಕ್ಕರೂ ಅದೇ ಗತಿ. ಡಿಸ್ಕಿನಲ್ಲಿ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಕ್ಯಾಲಿಪರ್ ಎಂಬ ಇಕ್ಕಳ ಎರಡೂ ಕಡೆಯಿಂದ ಹಿಡಿಯುತ್ತದೆ. ತಟ್ಟೆ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ಬೇಗ ಒಣಗುತ್ತದೆ.

ಇಕ್ಕಳಕ್ಕೆ ಬಲ ಕೊಡುವುದು ಬ್ರೇಕ್ ಆಯಿಲ್. ಅದು ಪ್ಯಾಸ್ಕಲ್ ನಿಯಮ. ಪೆಡಲಿನ ಕಡೆಯ ಪಿಸ್ಟನ್ 12 ಮಿಲಿಮೀಟರ್, ಕ್ಯಾಲಿಪರಿನದು 36 ಮಿಲಿಮೀಟರ್ ವ್ಯಾಸ ಅಂತಿಟ್ಟುಕೊಳ್ಳಿ. ವ್ಯಾಸ ಮೂರು ಪಟ್ಟು, ವಿಸ್ತೀರ್ಣ ಒಂಬತ್ತು ಪಟ್ಟು. ಇಲ್ಲಿ 10 ಕಿಲೋ ಒತ್ತಿದರೆ ಅಲ್ಲಿ 90 ಕಿಲೋ. ಆದರೆ ಅಲ್ಲಿ ಒಂದು ಮಿಲಿಮೀಟರ್ ಸರಿಯಬೇಕಾದರೆ ಇಲ್ಲಿ ಒಂಬತ್ತು ಮಿಲಿಮೀಟರ್ ತಳ್ಳಬೇಕು. ಪುಕ್ಕಟೆ ಏನೂ ಸಿಗುವುದಿಲ್ಲ. ಗಣಿತದಲ್ಲಿ ಫೇಲಾದವನಿಗೆ ಇದು ಮೇಷ್ಟ್ರ ಪಾಠದಿಂದಲೇ ನೆನಪಿತ್ತು.

ಮರೆತದ್ದು ಇನ್ನೊಂದು ಪಾಠ. ಕ್ಯಾಲಿಪರ್ ತಟ್ಟೆಯನ್ನು ಹಿಡಿದಾಗ ತಟ್ಟೆಯೂ ಕ್ಯಾಲಿಪರನ್ನು ಅಷ್ಟೇ ಬಲದಿಂದ ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಅದನ್ನು ತಡೆಯಲು ಚಕ್ರ ಹೊತ್ತ ಸ್ವಿಂಗ್ ಆರ್ಮಿಗೆ ಗಟ್ಟಿ ಆಧಾರ ಬೇಕು. ನಾನು ತೆಳುವಾದ ಪಟ್ಟಿಯೊಂದನ್ನು ವೆಲ್ಡ್ ಮಾಡಿ ಬಿಟ್ಟೆ. ನಿಲ್ಲಿಸಿ ನೋಡಿದೆ, ನಿಧಾನವಾಗಿ ಓಡಿಸಿ ನೋಡಿದೆ, ಚೆನ್ನಾಗಿತ್ತು. ಜೋರಾಗಿ ಬ್ರೇಕ್ ಹಾಕಿ ಪರೀಕ್ಷೆ ಮಾಡಲಿಲ್ಲ.

ಹನ್ನೊಂದನೇ ದಿನ, ಕೆರೆ ಏರಿಯ ತಿರುವಿನಲ್ಲಿ ಮೇಷ್ಟ್ರು ಬ್ರೇಕ್ ಒತ್ತಿದಾಗ ವೆಲ್ಡಿಂಗ್ ಬಿಟ್ಟುಕೊಂಡಿತು. ಕ್ಯಾಲಿಪರ್ ತಟ್ಟೆಯ ಜೊತೆ ತಿರುಗಿ ಕಡ್ಡಿಗಳಿಗೆ ಸಿಕ್ಕಿಕೊಂಡು ಚಕ್ರ ಕಚ್ಚಿ ನಿಂತಿತು. ಮೇಷ್ಟ್ರ ಎಡಗಾಲು ಎರಡು ಕಡೆ ಮುರಿಯಿತು.

ಊರಿಗೆಲ್ಲ ದನ ಅಡ್ಡ ಬಂತು ಅಂತ ಸುದ್ದಿ. ಹಾಗೆ ಹೇಳಿದವರು ಸ್ವತಃ ಮೇಷ್ಟ್ರು. ಆಸ್ಪತ್ರೆಗೆ ಹೋಗಿ ಕಾಲ ಬಳಿ ನಿಂತೆ. ಬೈಯಲಿಲ್ಲ. "ಪ್ರತಿಯೊಂದು ಕ್ರಿಯೆಗೂ ಪ್ರತಿಕ್ರಿಯೆ ಇದೆ ಅಂತ ಹೇಳಿಕೊಟ್ಟಿದ್ದೆ. ಆ ಪ್ರತಿಕ್ರಿಯೆ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಿದ್ಯಾ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಇಷ್ಟು ವರ್ಷ ನಾನೂ ದನದ ಕಥೆಯನ್ನೇ ಹೇಳಿಕೊಂಡು ಬಂದೆ. ಇವತ್ತು ಹೇಳುತ್ತೇನೆ, ಯಾವ ದನವೂ ಅಡ್ಡ ಬರಲಿಲ್ಲ. ತಪ್ಪು ನನ್ನದು.

ಆಮೇಲೆ ಕಲಿತದ್ದನ್ನು ಗ್ಯಾರೇಜಿನ ಹುಡುಗರಿಗಾಗಿ ಹೇಳುತ್ತೇನೆ. ಕ್ಯಾಲಿಪರಿನ ಆಧಾರ ದಪ್ಪ ಉಕ್ಕಿನದಿರಲಿ, ಲೆಕ್ಕ ಬಲ್ಲವರ ಕೈಲಿ ಮಾಡಿಸಿ. ಬ್ರೇಕ್ ಪೈಪಿನಲ್ಲಿ ಗಾಳಿ ಉಳಿಯದಂತೆ ತೆಗೆಯಿರಿ, ಗಾಳಿ ಕುಗ್ಗಿ ಪೆಡಲ್ ಮೆತ್ತಗಾಗುತ್ತದೆ. ಇಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು ಮಾತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ. ಅಲ್ಲಿ ಹೆಚ್ಚು ಬಲ ಕೊಟ್ಟರೆ ಚಕ್ರ ಕಚ್ಚಿ ಗಾಡಿ ಜಾರುತ್ತದೆ. ಹಾಗಾಗಿ ಹಳೆಯ ಗಾಡಿಯ ಹಿಂದಿನ ಚಕ್ರಕ್ಕೆ ಡ್ರಮ್ಮನ್ನು ಲೇತಿನಲ್ಲಿ ಸರಿಮಾಡಿ ಹೊಸ ಲೈನರ್ ಹಾಕಿದರೆ ಬಹಳ ಸಲ ಅಷ್ಟೇ ಸಾಕು. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. ಕೈ ಹಾಕುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಅದಕ್ಕೂ ಗಾಡಿ ಮೂಲ ರೂಪದಲ್ಲೇ ಇರಬೇಕು.

ಮೇಷ್ಟ್ರ ಜಾವಾದ ಹಳೆಯ ಡ್ರಮ್ಮು, ಶೂಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ಅವರು ಕೋಲು ಹಿಡಿದು ನಡೆಯುವ ಹೊತ್ತಿಗೆ ಅದನ್ನೇ ಮತ್ತೆ ಜೋಡಿಸಿ ಕೊಟ್ಟೆ. ಈ ಸಲ ಏರಿಯ ಮೇಲೆ ನಾನೇ ಇಪ್ಪತ್ತು ಸಲ ಬ್ರೇಕ್ ಹಾಕಿ ನೋಡಿ ಆಮೇಲೆ ಕೊಟ್ಟೆ. ಮೇಷ್ಟ್ರು ಕೀಲಿ ತೆಗೆದುಕೊಂಡು "ಹಿಂದೆ ಕೂತ್ಕೋ" ಅಂದರು. ಮನೆಯವರೆಗೆ ನನ್ನನ್ನು ಹಿಂದೆ ಕೂರಿಸಿಕೊಂಡೇ ಹೋದರು.

ಆ ಗಾಡಿ ಇವತ್ತು ಹೊರಗೆ ಹುಣಸೆಮರದ ಕೆಳಗೆ ನಿಂತಿದೆ. ಮೇಷ್ಟ್ರು ಮೊದಲ ಸಾಲಿನಲ್ಲಿ ಕೂತಿದ್ದಾರೆ. ಮಕ್ಕಳೇ, ಊಟ ಆದ ಮೇಲೆ ಬನ್ನಿ, ಡ್ರಮ್ ಬಿಚ್ಚಿ ತೋರಿಸುತ್ತೇನೆ. ಮೇಷ್ಟ್ರ ಅಪ್ಪಣೆ ಕೇಳಿದ್ದೇನೆ. ವಾಪಸ್ ಜೋಡಿಸುವಾಗ ತಾವೂ ನಿಂತು ನೋಡುತ್ತೇನೆ ಅಂದಿದ್ದಾರೆ.