ಸಂಬಳ ಕೇಳೋ ಮೊದಲು ಹಾಸಿಗೆ ಎಣಿಸಿ

ಈ ವಾರದ ವಿಷಯ ನಮ್ಮ ರಾಜೀವನಗರದಿಂದಲೇ ಬಂದಿದ್ದು. ಸೆಕೆಂಡ್ ಸ್ಟೇಜ್‌ನ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದಾನೆ: "ಅಣ್ಣಾ, ತಂಗಿ ಜಿಎನ್‌ಎಂ ಮುಗಿಸಿದ್ದಾಳೆ. ದೊಡ್ಡ ಆಸ್ಪತ್ರೆಗೆ ಹೋದ್ರೆ ಎಕ್ಸ್‌ಪೀರಿಯನ್ಸ್ ಕೇಳ್ತಾರೆ. ಮನೆ ಹತ್ರದ ನರ್ಸಿಂಗ್ ಹೋಮ್‌ನವರು ನಾಳೆಯಿಂದಲೇ ಬಾ ಅಂತಾರೆ. ಸೇರಬಹುದಾ?"

ನಾನು ಬಿ.ಕಾಂ. ಓದಿದವನು. ಡ್ರಿಪ್ ಹಾಕೋಕೆ ಬರಲ್ಲ, ಲೆಕ್ಕ ಹಾಕೋಕೆ ಬರುತ್ತೆ. ಹಾಗಾಗಿ ಇವತ್ತು ಒಂದೇ ಲೆಕ್ಕ: ಸಂಬಳ ಎಷ್ಟು ಅಂತ ಕೇಳೋ ಮೊದಲು, ಹಾಸಿಗೆ ಎಷ್ಟು ಅಂತ ಕೇಳಿ.

ಯಾಕೆ ಅಂದ್ರೆ, ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಅಂತ ಪರೀಕ್ಷೆ ಇದೆ. ಬಿ.ಎಸ್ಸಿ. ನರ್ಸಿಂಗ್ ಆದವರು ಅನುಭವ ಇಲ್ಲದೆಯೂ ಬರೀಬಹುದು. ಜಿಎನ್‌ಎಂ ಆದವರಿಗೆ ಎರಡು ವರ್ಷದ ಅನುಭವ ಬೇಕು, ಅದೂ ಕನಿಷ್ಠ 50 ಹಾಸಿಗೆ ಇರೋ ಆಸ್ಪತ್ರೆಯಲ್ಲಿ. 20 ಹಾಸಿಗೆಯ ಕಡೆ ಎಷ್ಟೇ ಬೆವರು ಸುರಿಸಿದ್ರೂ ಈ ಅರ್ಜಿಗೆ ಅದು ಲೆಕ್ಕಕ್ಕಿಲ್ಲ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30, ಕಳೆದ ವರ್ಷ ವಾಪಸ್ ಬರಲ್ಲ.

ಅಂದ್ಕೊಳ್ಳಿ, ಚಿಕ್ಕ ನರ್ಸಿಂಗ್ ಹೋಮ್ ತಿಂಗಳಿಗೆ 3,000 ಜಾಸ್ತಿ ಕೊಡುತ್ತೆ. ಎರಡು ವರ್ಷಕ್ಕೆ 72,000 ರೂಪಾಯಿ. ನಾರ್ಸೆಟ್ ಹುದ್ದೆಯ ಆರಂಭದ ಮೂಲ ವೇತನ, ಏಳನೇ ವೇತನ ಆಯೋಗದ ಲೆಕ್ಕದಲ್ಲಿ, 44,900. ಅಂದ್ರೆ ಎರಡು ವರ್ಷದ ಆ ಲಾಭ, ಅಲ್ಲಿನ ಎರಡು ತಿಂಗಳ ಮೂಲ ವೇತನಕ್ಕೂ ಸಮ ಅಲ್ಲ. ಪರೀಕ್ಷೆ ಪಾಸಾಗೋದು ಸುಲಭ ಅಂತ ಹೇಳ್ತಿಲ್ಲ. ಬರೆಯೋ ಅವಕಾಶವನ್ನೇ ಕಳ್ಕೋಬೇಡಿ ಅಂತ ಹೇಳ್ತಿದ್ದೀನಿ.

ಸಂಬಳಕ್ಕೂ ಇದೇ ಹಾಸಿಗೆ ಲೆಕ್ಕ ಇದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡ್ತು. ಸಮಿತಿಯ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆ ಇದ್ರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ಕ್ಕಿಂತ ಹೆಚ್ಚಿದ್ರೆ ಅದಕ್ಕಿಂತ ಶೇ. 10ರಷ್ಟು, 50ರಿಂದ 100 ಇದ್ರೆ ಶೇ. 25ರಷ್ಟು ಕಡಿಮೆ ಇರಬಹುದು, ಅಷ್ಟೇ. 50ಕ್ಕಿಂತ ಕಡಿಮೆ ಇದ್ರೂ 20,000ಕ್ಕಿಂತ ಕಡಿಮೆ ಆಗಬಾರದು. ಇದು ಶಿಫಾರಸು, ಜಾರಿ ಮಾಡೋದು ರಾಜ್ಯಗಳ ಕೈಲಿದೆ. ಫ್ರೆಶರ್‌ಗಳ ಕೈಗೆ ಬರೋ ಆಫರ್ ನೋಡಿದ್ರೆ ಜಾರಿ ಎಷ್ಟಾಗಿದೆ ಅಂತ ನಿಮಗೇ ಗೊತ್ತಾಗುತ್ತೆ. ಆದ್ರೂ ಇಂಟರ್‌ವ್ಯೂನಲ್ಲಿ ಕೂತಾಗ ಈ ಅಂಕಿ ತಲೇಲಿರಲಿ.

ಮನೆಯವರ ಭಯ ನನಗೆ ಅರ್ಥ ಆಗುತ್ತೆ. ರಾಜೀವನಗರದಿಂದ ಊರಿನ ಆ ಕಡೆ ಹೋಗಿ ನೈಟ್ ಡ್ಯೂಟಿ ಮಾಡಿ ಬರೋದು ಅಮ್ಮಂದಿರಿಗೆ ನಿದ್ದೆಗೆಡಿಸೋ ವಿಷಯ. ಅದಕ್ಕೇ ಹಾಸ್ಟೆಲ್ ಇದೆಯಾ, ರಾತ್ರಿ ಗಾಡಿ ಬಿಡ್ತಾರಾ ಅಂತ ಸೇರೋ ಮೊದಲೇ ಕೇಳಿ. ಕೇಳೋದ್ರಲ್ಲಿ ನಾಚಿಕೆ ಏನಿಲ್ಲ.

ಇನ್ನು ಕಾಗದ ಪತ್ರ. ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಮುಗಿಸಿ. ಅಪಾಯಿಂಟ್‌ಮೆಂಟ್ ಲೆಟರ್ ಕೈಗೆ ಬರದೆ ಡ್ಯೂಟಿ ಶುರು ಮಾಡಬೇಡಿ. ಸಂಬಳ ನಗದಾಗಿ ಬೇಡ, ಬ್ಯಾಂಕ್ ಖಾತೆಗೇ ಬರಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೀವಿ ಅಂದ್ರೆ ತೋರಿಸಿ ವಾಪಸ್ ತಗೊಳ್ಳಿ, ಜೆರಾಕ್ಸ್ ಕೊಡಿ. ಬಾಂಡ್‌ಗೆ ಸಹಿ ಹಾಕೋ ಮೊದಲು ಮನೆಗೆ ತಂದು ಪೂರ್ತಿ ಓದಿ. ಬಿಡುವಾಗ ಸಿಗೋ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ವಾರ್ಡು, ಹಾಸಿಗೆ ಸಂಖ್ಯೆ ನಾಲ್ಕೂ ಇರಲಿ. ಮುಂದೆ ಗಲ್ಫ್‌ಗೆ ಅರ್ಜಿ ಹಾಕಿದ್ರೆ ಡಾಟಾಫ್ಲೋದವರು ಇದೇ ಆಸ್ಪತ್ರೆಯನ್ನ ಕೇಳಿ ತಾಳೆ ನೋಡ್ತಾರೆ.

50 ಹಾಸಿಗೆಯ ಕಡೆ ಎಲ್ಲೂ ಸಿಗದಿದ್ರೆ? ಚಿಕ್ಕ ಕಡೆ ಸೇರಿ, ಕೈ ಪಳಗುತ್ತೆ. ಆದ್ರೆ ಮೂರು ತಿಂಗಳಿಗೊಮ್ಮೆ ದೊಡ್ಡ ಆಸ್ಪತ್ರೆಗಳಿಗೆ ರೆಸ್ಯೂಮ್ ಹೋಗ್ತಾನೇ ಇರಲಿ. ಅಲ್ಲೇ ಸೆಟ್ಲ್ ಆಗಿಬಿಡಬೇಡಿ.

ನಿಮ್ಮ ಮನೇಲಿ ನರ್ಸಿಂಗ್ ಮುಗಿಸಿದವರು ಇದ್ರೆ ಈ ಎಪಿಸೋಡ್ ಅವರಿಗೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ.