ಅಡಿಗೊಂದು ಅಂಗುಲ



ರ‍್ಯಾಂಪಿನ ಬಗ್ಗೆ ಮಾತಾಡಲು ಕೊಕ್ಕರೆ ಬೆಳ್ಳೂರೇ ಯಾಕೆ ಎಂದು ಹಲವರು ಕೇಳಿದಿರಿ. ರಂಗನತಿಟ್ಟಿನಲ್ಲಿ ಹಕ್ಕಿಗಳ ಹತ್ತಿರ ಹೋಗಲು ದೋಣಿ ಹತ್ತಬೇಕು. ಇಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಗಾಲಿಕುರ್ಚಿಯಲ್ಲಿ ಕುಳಿತವರು ಬೀದಿಯಲ್ಲೇ ತಲೆಯೆತ್ತಿ ಮರಿಗೆ ಮೀನುಣಿಸುವುದನ್ನು ನೋಡಬಹುದು. ನಮ್ಮವ್ವನನ್ನು ಹಾಗೆ ಕರೆತಂದಿದ್ದೆ. ಅರ್ಧ ದಿನ ಮರದಡಿ ಕುಳಿತಿದ್ದಳು, ಯಾವ ಅಡ್ಡಿಯೂ ಆಗಲಿಲ್ಲ.

ಅಡ್ಡಿ ಎದುರಾದದ್ದು ಆಮೇಲೆ, ಬೇರೊಂದು ಊರಿನ ಕಚೇರಿಗೆ ಪಿಂಚಣಿ ಕಾಗದಕ್ಕೆಂದು ಹೋದಾಗ. ಅಲ್ಲಿ ರ‍್ಯಾಂಪ್ ಇತ್ತು, ಮೂರು ಮೆಟ್ಟಿಲಿನ ಪಕ್ಕದಲ್ಲಿ, ಹೊಸ ಸಿಮೆಂಟಿನದು. ಇಬ್ಬರು ಸೇರಿ ತಳ್ಳಿದರೂ ಕುರ್ಚಿ ಹಿಂದಕ್ಕೆ ವಾಲಿತು. "ಬ್ಯಾಡ ಕಣ್ ಮಗ, ಇಲ್ಲೇ ಕೂತಿರ್ತೀನಿ, ನೀನೇ ಹೋಗ್ಬಾ" ಅಂದಳು ಅವ್ವ. ಮರುದಿನ ಟೇಪು ತೆಗೆದುಕೊಂಡು ಹೋಗಿ ಅಳೆದೆ. ಎತ್ತರ 18 ಅಂಗುಲ, ಉದ್ದ 6 ಅಡಿ, ಅಂದರೆ 72 ಅಂಗುಲ. ಅನುಪಾತ 1:4.

ನಮ್ಮ ದೇಶದ ಮಾರ್ಗಸೂಚಿ 1:12ಕ್ಕಿಂತ ಕಡಿದಾದ ಇಳಿಜಾರು ಬೇಡ ಎನ್ನುತ್ತದೆ. ಕಡತದಲ್ಲಿ ಅದು ಬರಿಯ ಅಂಕಿ. ಮೇಸ್ತ್ರಿಗಳ ಮಾತಿಗೆ ತಂದರೆ ಅಡಿಗೊಂದು ಅಂಗುಲ. ಬಾಗಿಲ ನೆಲ ಅಂಗಳಕ್ಕಿಂತ ಎಷ್ಟು ಅಂಗುಲ ಮೇಲಿದೆಯೋ ರ‍್ಯಾಂಪಿಗೆ ಅಷ್ಟು ಅಡಿ ಬೇಕು. 18 ಅಂಗುಲಕ್ಕೆ 18 ಅಡಿ. ಆ ಕಚೇರಿಯವರು ಕಟ್ಟಿಸಿದ್ದು ಮೂರರಲ್ಲೊಂದು ಪಾಲು.

ಈ ಉದ್ದವನ್ನು ಮಟ್ಟದ ದಾರ ಹಿಡಿದು ಅಳೆಯಬೇಕು, ಇಳಿಜಾರಿನ ಮೈಮೇಲಲ್ಲ. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ, ಇಳಿಜಾರಿನ ಮೈ 18 ಅಡಿಗಿಂತ ಮುಕ್ಕಾಲು ಅಂಗುಲವಷ್ಟೇ ಹೆಚ್ಚು. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತೋಳಿನ ಬಲದ ಲೆಕ್ಕ ಮಾತ್ರ ಬೇರೆ. ಕುರ್ಚಿ, ಕುಳಿತವರು ಸೇರಿ 80 ಕಿಲೋ ಎನ್ನೋಣ. ಚಕ್ರದ ತಿಕ್ಕಾಟ ಬಿಟ್ಟರೂ 1:12ರಲ್ಲಿ ಆರೂವರೆ ಕಿಲೋಗೆ ತುಸು ಮೇಲೆ ಭಾರ ತಳ್ಳಬೇಕು, 1:4ರಲ್ಲಿ 19 ಕಿಲೋ ದಾಟುತ್ತದೆ. ಮುದುಕನೊಬ್ಬ ಹೆಂಡತಿಯನ್ನು ಕರೆದೊಯ್ಯಬಲ್ಲನೋ ಇಲ್ಲವೋ ಎಂಬುದು ಈ ಎರಡು ಅಂಕಿಗಳ ನಡುವೆ ಇದೆ. ಗಣಿತದ ಮೇಷ್ಟ್ರುಗಳು ಅನುಪಾತ ಕಲಿಸುವಾಗ ಪಾನಕದ ಬೆಲ್ಲ, ನೀರಿನ ಲೆಕ್ಕದ ಜೊತೆಗೆ ಇದನ್ನೂ ಹಲಗೆಯ ಮೇಲೆ ಬರೆಯಲಿ ಎಂಬುದು ನನ್ನ ಆಸೆ.

ಇಳಿಜಾರಿನ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ಪಂಪ್‌ಸೆಟ್ ಬರುವ ಮೊದಲು, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿಯ ಬಾಯಿಂದಲೇ ನೆಲವನ್ನು ಇಳಿಜಾರಾಗಿ ಅಗೆಯುತ್ತಿದ್ದರು. ನೀರು ಮೇಲೆ ಬರುವಾಗ ಎತ್ತುಗಳು ಕೆಳಗಿಳಿಯುತ್ತಿದ್ದವು, ಅವುಗಳ ಮೈಭಾರವೇ ಎಳೆತಕ್ಕೆ ನೆರವಾಗುತ್ತಿತ್ತು. ಹಗ್ಗ ಎಷ್ಟು ಆಳದಿಂದ ಬರಬೇಕೋ ಎತ್ತು ಅಷ್ಟು ದೂರ ನಡೆಯಬೇಕು, ಮತ್ತೆ ಅದೇ ದಾರಿಯನ್ನು ಹತ್ತಬೇಕು. ಎತ್ತಿನ ದಣಿವನ್ನು ಅಷ್ಟು ಎಣಿಸಿ ನೆಲ ಅಗೆದವರು ನಮ್ಮವರು.

"ಹದಿನೆಂಟಡಿ ಜಾಗ ಎಲ್ಲಿದೆ ಸ್ವಾಮಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನೇರವಾಗಿ ಹೋಗಬೇಕೆಂದಿಲ್ಲ. 9 ಅಡಿ ಏರಿಸಿ, ಕುರ್ಚಿ ತಿರುಗಲು 5 ಅಡಿ ಸಮತಟ್ಟು ಬಿಟ್ಟು, ಹಿಂದಕ್ಕೆ ತಿರುಗಿಸಿ ಇನ್ನೊಂದು 9 ಅಡಿ ಏರಿಸಿ. ಗೂಡಿನಲ್ಲಿ ಮರಿಯಿದೆ ಎಂದು ಹುಣಸೆ ಫಸಲನ್ನೇ ಬಿಟ್ಟುಕೊಟ್ಟ ಮನೆಗಳು ಈ ಬೀದಿಯಲ್ಲಿವೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾದದ್ದು ಆ ಮನೆಗಳಿಂದ. ಹಕ್ಕಿಗಳಿಗೆ ಜಾಗ ಕೊಟ್ಟ ಈ ಊರಿನಲ್ಲಿ ನಿಂತು ಜಾಗವಿಲ್ಲ ಎಂಬ ಮಾತನ್ನು ಒಪ್ಪಲು ನನಗೆ ಆಗುವುದಿಲ್ಲ.

ಊಟವಾದ ಮೇಲೆ ಎಲ್ಲರೂ ತಂಡ ತಂಡವಾಗಿ ಅಳತೆಗೆ ಹೊರಡೋಣ. ಟೇಪು, ದಾರ, ನೀರುಮಟ್ಟದ ಪೈಪು ಬಾಗಿಲ ಬಳಿ ಇಟ್ಟಿದ್ದೇವೆ. ಮೊದಲ ಅಳತೆ ನಾವು ಕುಳಿತಿರುವ ಈ ಕಟ್ಟಡದ್ದೇ ಆಗಲಿ. ಬೆಳಿಗ್ಗೆ ನಾವೆಲ್ಲ ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಬಂದೆವು.